ಎಣ್ಣೆ ಬಿಟ್ಟವನ ನಲ್ಲಿ ರಿಪೇರಿ

ಕುಡಿತ ಬಿಡುವುದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಬಿಟ್ಟ ಮೇಲೆ ಸಂಜೆ 7ರಿಂದ 10ರವರೆಗೆ ಏನು ಮಾಡಬೇಕು ಅಂತ ಮಾತ್ರ ಒಬ್ಬರೂ ಹೇಳುವುದಿಲ್ಲ. ದಿನದಲ್ಲಿ ಹೀಗೊಂದು ಮೂರು ಗಂಟೆ ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಬಾರಿನೊಳಗೆ ಹೋಗುವಾಗ ಇನ್ನೂ ಬೆಳಕಿರುತ್ತಿತ್ತು, ಬರುವಾಗ ಶಟರ್ ಅರ್ಧ ಇಳಿದಿರುತ್ತಿತ್ತು. ನಡುವಿನ ಹೊತ್ತು ಒಂದು ನೈಂಟಿ, ಇನ್ನೊಂದು ನೈಂಟಿ, ಒಂದು ಪ್ಲೇಟ್ ಕಾಂಗ್ರೆಸ್ ಕಡಲೆಬೀಜ ಮತ್ತು ರಾಜ್ಯ ಸರ್ಕಾರವನ್ನು ಬೀಳಿಸುವ ಕೆಲಸದಲ್ಲಿ ಕಳೆದುಹೋಗುತ್ತಿತ್ತು.

ದಿನಾ ಜಾಸ್ತಿ ಹಾಕುವವರು ತಟ್ಟನೆ ನಿಲ್ಲಿಸಿದರೆ ಕೈ ನಡುಕದಿಂದ ಹಿಡಿದು ಫಿಟ್ಸ್‌ವರೆಗೆ ಏನು ಬೇಕಾದರೂ ಆಗಬಹುದು ಅಂತ ಕೇಳಿದ್ದರಿಂದ, ನಾನು ಡಾಕ್ಟರ ಹತ್ತಿರ ಹೋಗಿಯೇ ಬಿಟ್ಟವನು. ಅವರು ಮಾತ್ರೆಯ ಜೊತೆ ಒಂದು ಎಚ್ಚರಿಕೆಯನ್ನೂ ಕೊಟ್ಟರು: ಹಸಿವು, ಸಿಟ್ಟು, ಒಂಟಿತನ, ಸುಸ್ತು, ಈ ನಾಲ್ಕರಲ್ಲಿ ಯಾವುದು ಬಂದರೂ ಹುಷಾರು. ಬೇಜಾರು ಬಂದರೆ? ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಕೇಳೋಣವೆಂದರೆ ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು.

ಎಣ್ಣೆ ಬಿಟ್ಟವರಿಗೆ ಸಿಹಿಯ ಚಪಲ ಹತ್ತುವುದು ಸಾಮಾನ್ಯ. ನಾದಿನಿಯ ಸೀಮಂತಕ್ಕೆ ತಂದಿಟ್ಟಿದ್ದ ಮೈಸೂರು ಪಾಕ್ ಹಾಗೆ ಹೋಯಿತು. ಆಮೇಲೆ ಹೆಂಡತಿಯ ಪಕ್ಕ ಕೂತು ಧಾರಾವಾಹಿ ನೋಡಲು ಶುರುಮಾಡಿದೆ. ‘ಇವಳು ಯಾರು? ಹೋದ ವಾರ ಸತ್ತಿದ್ದಳಲ್ಲ?’ ಅಂತ ಕೇಳಿದ್ದಕ್ಕೆ, ‘ರೀ, ಸತ್ತಿದ್ದು ಇವಳ ಅವಳಿ. ಎದ್ದು ಹೋಗಿ ಬೇರೆ ಏನಾದ್ರೂ ಮಾಡಿ’ ಅಂದಳು.

ಬೇರೆ ಏನು ಅಂತ ಮನೆಯೆಲ್ಲ ಸುತ್ತಿದಾಗ ಕಣ್ಣಿಗೆ ಬಿದ್ದದ್ದು ಅಡುಗೆಮನೆಯ ನಲ್ಲಿ. ಎಷ್ಟೋ ಕಾಲದಿಂದ ಟಪ್ ಟಪ್ ಅಂತ ಸೋರುತ್ತಿತ್ತು. ವಾಷರ್ ಬದಲಿಸಿದರೆ ಮುಗಿಯಿತು ಅಂತ ಯೂಟ್ಯೂಬಿನಲ್ಲಿ ಒಬ್ಬ ಹುಡುಗ ನಗುನಗುತ್ತಾ ಹೇಳಿದ. ಮೇಲೆ ಹೋಗಿ ಗೇಟ್ ವಾಲ್ವ್ ಮುಚ್ಚಿ ಬಂದೆ, ಸ್ಪ್ಯಾನರ್ ಹಾಕಿ ತಿರುಗಿಸಿದೆ. ನಾನು ಮುಚ್ಚಿದ್ದು ಬಚ್ಚಲುಮನೆಯ ವಾಲ್ವ್ ಅನ್ನುವುದು, ನಲ್ಲಿಯ ತಲೆ ಕೈಗೆ ಬಂದು ಟ್ಯಾಂಕಿನ ನೀರು ನೇರ ಸೂರಿಗೆ ಬಡಿದಾಗಲೇ ತಿಳಿದದ್ದು. ಬೆಳಗಿನ ಇಡ್ಲಿಗೆ ರುಬ್ಬಿಟ್ಟ ಹಿಟ್ಟು ಕಣ್ಣೆದುರೇ ನೀರುಮಜ್ಜಿಗೆಯಾಯಿತು. ತೂತಿಗೆ ಹೆಬ್ಬೆರಳು ಒತ್ತಿಹಿಡಿದು, ಇನ್ನೊಂದು ಕೈಯಲ್ಲಿ ಫೋನು ತೆಗೆದು, ಬಾರಿನಲ್ಲಿ ಪಕ್ಕದ ಟೇಬಲಿಗೆ ಕೂರುತ್ತಿದ್ದ ಪ್ಲಂಬರ್‌ಗೆ ಕರೆ ಮಾಡಿದೆ.

ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಸಂಘ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದೂ ಒಂದು ಫೋನಿನಿಂದಲೇ. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಊರು. ಹೊಸದಾಗಿ ಕುಡಿತ ಬಿಟ್ಟಿದ್ದ ಬಿಲ್ ವಿಲ್ಸನ್, ಬಂದ ವ್ಯವಹಾರ ಕೈಕೊಟ್ಟು ಹೋಟೆಲಿನಲ್ಲಿ ಒಬ್ಬನೇ ನಿಂತಿದ್ದ. ಒಂದು ಕಡೆ ಬಾರಿನ ಗದ್ದಲ, ಇನ್ನೊಂದು ಕಡೆ ಫೋನು. ಫೋನು ಎತ್ತಿದ. ಯಾರ್ಯಾರನ್ನೋ ಕೇಳಿ ಕೊನೆಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್, ಅವರೂ ಕುಡಿತದಲ್ಲಿ ಮುಳುಗಿದ್ದವರೇ. 15 ನಿಮಿಷ ಸಾಕು ಅಂತ ಮಾತಿಗೆ ಕೂತವರು ಗಂಟೆಗಟ್ಟಲೆ ಏಳಲಿಲ್ಲವಂತೆ. ಅವನಿಗೆ ಸರ್ಜನ್ ಸಿಕ್ಕಿದ, ನನಗೆ ಪ್ಲಂಬರ್.

ಪ್ಲಂಬರ್ ಬಂದ, ಬಾರಿನಿಂದಲೇ. ಬಾಯಿ ವಾಸನೆ ಹೊಡೆಯುತ್ತಿತ್ತು, ಕೈ ಮಾತ್ರ ಚೂರೂ ಅಲುಗುತ್ತಿರಲಿಲ್ಲ. ಟಾರ್ಚ್ ಹಿಡಿದ ನನ್ನ ಕೈ ಚಳಿಗೋ ಹೆಂಡತಿಯ ನೋಟಕ್ಕೋ ಗಡಗಡ ನಡುಗುತ್ತಿತ್ತು. ‘ನೆಟ್ಟಗೆ ಹಿಡ್ಕೊಳ್ಳಿ ಸಾರ್. ಕುಡಿದಿರೋದು ನಾನೋ ನೀವೋ?’ ಅಂದ. ಹತ್ತೇ ನಿಮಿಷದಲ್ಲಿ ಕೆಲಸ ಮುಗಿಯಿತು. ಹೆಂಡತಿ ಅವನಿಗೆ ಉಪ್ಪಿಟ್ಟು, ಕಾಫಿ ಕೊಟ್ಟಳು. ನನಗೆ ನೆಲ ಒರೆಸುವ ಬಟ್ಟೆ ಕೊಟ್ಟಳು.

ಕಾಫಿ ಕುಡಿಯುತ್ತಾ ಅವನು ಬಾರಿನ ಸುದ್ದಿ ತೆಗೆದ. ನನ್ನ ಟೇಬಲಿನಲ್ಲಿ ಈಗ ಯಾರೋ ರಿಯಲ್ ಎಸ್ಟೇಟಿನವರು ಕೂರುತ್ತಾರಂತೆ, ಸರ್ಕಾರ ಬೀಳಿಸುವುದು ಅವರಿಗೆ ಅಷ್ಟಾಗಿ ಬರುವುದಿಲ್ಲವಂತೆ. ಮಾತಿಗೆ ಮಾತು ಬೆಳೆದು ಗಡಿಯಾರ ನೋಡಿದರೆ ಹತ್ತು ಹೊಡೆದಿತ್ತು. ಬಿಟ್ಟಮೇಲೆ ಹೊತ್ತು ಹೋದದ್ದು ತಿಳಿಯದ ಮೊದಲ ಸಂಜೆ ಅದು. ಹೊರಡುವಾಗ ಅವನು ಚಪ್ಪಲಿ ಮೆಟ್ಟುತ್ತಾ ಮೆತ್ತಗೆ ಕೇಳಿದ: ‘ನಾಳೆ ಏನು ರಿಪೇರಿ ಮಾಡ್ತೀರಿ ಸಾರ್?’

ಈಗ ವಾರದಲ್ಲಿ ಒಂದೆರಡು ಸಂಜೆ ಬಂದು ನನ್ನ ಜೊತೆ ಕೇರಂ ಆಡಿ ಹೋಗುತ್ತಾನೆ. ಉಳಿದ ದಿನ ಎಲ್ಲಿರುತ್ತಾನೆ ಅಂತ ನಾನೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ನಿಮ್ಮ ಪರಿಚಯದಲ್ಲಿ ಹೊಸದಾಗಿ ಎಣ್ಣೆ ಬಿಟ್ಟವರು ಯಾರಾದರೂ ಇದ್ದರೆ, ದಯವಿಟ್ಟು ಸಂಜೆ ಏಳಕ್ಕೆ ಹೋಗಿ ಸ್ವಲ್ಪ ಹೊತ್ತು ಮಾತಾಡಿಸಿ. ಕೈಗೆ ಸ್ಪ್ಯಾನರ್ ಮಾತ್ರ ಕೊಡಬೇಡಿ.