ಸ್ವೀಡನ್ನಿನಲ್ಲಿ ಶಬ್ದಪ್ರಮಾಣ: ಒಂದು ಕಿರು ಮೀಮಾಂಸೆ

ಸ್ಟಾಕ್‌ಹೋಮಿನ ಶಿಸ್ತಾ, ಸೊಲ್ನಾ ಕಡೆಯ ಫ್ಲ್ಯಾಟುಗಳಲ್ಲಿ ನೆಲೆಸಿದ ಕನ್ನಡ ಗೃಹಸ್ಥರು ಸ್ಪೀಕರ್ ಕೊಳ್ಳುವ ವಿಷಯದಲ್ಲಿ ಮೂರು ಮತವಾಗಿ ಒಡೆದಿದ್ದಾರೆ. ಎಡಕ್ಕೊಂದು ಬಲಕ್ಕೊಂದು ಪೆಟ್ಟಿಗೆಯಿಲ್ಲದೆ ಸಂಗೀತಕ್ಕೆ ಮೋಕ್ಷವಿಲ್ಲ ಎನ್ನುವವರು ದ್ವೈತಿಗಳು. ಅಂಗೈಯಗಲದ ಒಂದೇ ಬ್ಲೂಟೂತ್ ಸ್ಪೀಕರಿನಲ್ಲಿ ಸಕಲವನ್ನೂ ಕಾಣುವವರು ಅದ್ವೈತಿಗಳು. ಒಂದೇ ಸೌಂಡ್‌ಬಾರಿನೊಳಗೆ ಎಡ-ಬಲಗಳೆರಡೂ ಅಂಗಗಳಾಗಿ ಅಡಗಿವೆ ಎಂದು ವಾದಿಸುವ ವಿಶಿಷ್ಟಾದ್ವೈತಿಗಳಿಗೆ ಅಂಗಡಿಯವರ ಬೆಂಬಲ ಜಾಸ್ತಿ.

ಈ ಜಗಳಕ್ಕೆ ಗೋಡೆಯನ್ನೂ ಎಳೆದು ತಂದ ಆಚಾರ್ಯರು ಸ್ವೀಡಿಷ್ ಸ್ಪೀಕರ್ ವಿನ್ಯಾಸಕ ಸ್ಟಿಗ್ ಕಾರ್ಲ್‌ಸನ್ (1925–1997). ನೇರವಾಗಿ ಕಿವಿಗೆ ಬಂದದ್ದಷ್ಟೇ ಅಲ್ಲ, ಗೋಡೆಗೂ ಸೂರಿಗೂ ಬಡಿದು ಬಂದದ್ದೂ ಸಂಗೀತವೇ ಎಂಬುದು ಅವರ ಸಿದ್ಧಾಂತ. ಸೋನಾಬ್ ಕಂಪನಿಗಾಗಿ ಅವರು ರೂಪಿಸಿದ ಪೆಟ್ಟಿಗೆಗಳು ಗೋಡೆಗೆ ಬೆನ್ನು ಕೊಟ್ಟು, ಮುಖ ಮೇಲೆತ್ತಿ ಹಾಡಿದವು. ಸೋಫಾದ ನಟ್ಟನಡುವೆ ಕೂತವನಿಗೆ ಮಾತ್ರ ಸಾಕ್ಷಾತ್ಕಾರ ಎಂಬ ದ್ವೈತಿಗಳ ಕಟ್ಟಳೆ ಸಡಿಲವಾಯಿತು. ಅವರದೇ 1974ರ ಓಡಿ-11 ಸ್ಪೀಕರಿಗೆ ಟೀನೇಜ್ ಎಂಜಿನಿಯರಿಂಗ್ ಎಂಬ ಸ್ಟಾಕ್‌ಹೋಮ್ ಕಂಪನಿ ದಶಕಗಳ ಬಳಿಕ ವೈಫೈ ಉಪನಯನ ಮಾಡಿಸಿ, ಅದನ್ನು ದ್ವಿಜನನ್ನಾಗಿಸಿತು.

ಭಾಷ್ಯಕಾರರು ಗಮನಿಸದ ಅಂಶವೊಂದಿದೆ: ಗೋಡೆಗೆ ಆಚೆ ಬದಿಯೂ ಇರುತ್ತದೆ, ಅಲ್ಲಿ ನೆರೆಯವರಿರುತ್ತಾರೆ. ರಾತ್ರಿ ಹತ್ತರ ಮೇಲೆ ಸದ್ದು ಕೂಡದೆಂಬುದು ಇಲ್ಲಿನ ವಸತಿ ಕಟ್ಟಡಗಳಲ್ಲಿ ಚಾಲ್ತಿಯಲ್ಲಿರುವ ಸ್ಮೃತಿ. ಯಕ್ಷಗಾನದ ಮದ್ದಳೆ ಸಬ್‌ವೂಫರಿನಲ್ಲಿ ಒಮ್ಮೆ ಧೀಂ ಎಂದರೆ ಸಾಕು. ನಮ್ಮೂರಿನ ಹಾಗೆ ಬಾಗಿಲು ಬಡಿದು ಬೈಯುವ ಆತ್ಮೀಯತೆ ಇಲ್ಲಿಲ್ಲ. ಮಾರನೆಯ ದಿನ ಬಟ್ಟೆ ಒಗೆಯುವ ಸಾಮೂಹಿಕ ಕೋಣೆಯಲ್ಲಿ ಹೆಸರಿಲ್ಲದ ಚೀಟಿಯೊಂದು ಅಂಟಿರುತ್ತದೆ, ಕೊನೆಯಲ್ಲೊಂದು ನಗುಮುಖ ಬೇರೆ. ಇದರಿಂದ ಸಿದ್ಧವಾಗುವ ನಿಯಮ: ಸ್ಪೀಕರ್ ದೊಡ್ಡದಾದಷ್ಟೂ ವಾಲ್ಯೂಮ್ ಇಳಿಯುತ್ತದೆ.

ಐಕಿಯಾ 2019ರಲ್ಲಿ ಸೋನೋಸ್ ಜತೆಗೂಡಿ ತಂದ ಸಿಂಫೋನಿಸ್ಕ್ ಟೇಬಲ್ ದೀಪದ ಹೊಟ್ಟೆಯಲ್ಲಿ ಸ್ಪೀಕರ್ ಇದೆ. ಹಗ್ಗವೋ ಹಾವೋ ಎಂದು ಶತಮಾನಗಳಿಂದ ತಿಣುಕುತ್ತಿದ್ದ ದರ್ಶನಶಾಸ್ತ್ರಕ್ಕೆ ಕೊನೆಗೂ ಹೊಸ ಉದಾಹರಣೆ ಸಿಕ್ಕಿತು. ಊರಿಂದ ಬಂದ ಮಾವನವರು ದೀಪ ಆರಿಸಿ ಮಲಗಿದ ಮೇಲೂ ಅದು ಹಾಡುತ್ತಲೇ ಇರುವುದು ಮಾಯಾವಾದಕ್ಕೆ ಪುಷ್ಟಿ.

ಆನ್‌ಲೈನಿನಲ್ಲಿ ಕೊಂಡು ಪಶ್ಚಾತ್ತಾಪವಾದರೆ ಹಿಂದಿರುಗಿಸಲು ಕಾನೂನು 14 ದಿನ ಕೊಟ್ಟಿದೆ. ಬಿಲ್ಲು ಮನೆಯವರ ಕಣ್ಣಿಗೆ ಬೀಳುವುದು ಹದಿನೈದನೆಯ ದಿನ. ಹಳೆ ಸಾಮಾನು ಮಾರುವ ಜಾಲತಾಣ ಬ್ಲೊಕೆಟ್‌ನಲ್ಲಿ ಜಾಹೀರಾತು ನೋಡಿ ಯಾರದೋ ಮನೆಯ ಹಳೆಯ ಸೋನಾಬ್ ಹೊತ್ತು ತಂದವರಿಗೆ ಆ ಪ್ರಾಯಶ್ಚಿತ್ತವೂ ಇಲ್ಲ.

ಇನ್ನು ಪೂರ್ವಪಕ್ಷ: ಇಷ್ಟೆಲ್ಲ ಏಕೆ, ಒಂದು ಹೆಡ್‌ಫೋನ್ ಸಾಲದೇ? ಸಾಲದು. ಹೆಡ್‌ಫೋನ್ ನೋಡಿ ಯಾವ ಅತಿಥಿಯೂ ‘ಇದಕ್ಕೆಷ್ಟು ಕೊಟ್ರಿ?’ ಎಂದು ಕೇಳಿದ ನಿದರ್ಶನ ನಮ್ಮ ಪರಂಪರೆಯಲ್ಲಿಲ್ಲ.