ನಿಮ್ಮಪ್ಪಗ ಹೇಳು

ದೇವನಕೊಂಡದ ಬಸ್‌ ಸ್ಟ್ಯಾಂಡಿನಲ್ಲಿ ಹೊಸ ಅಪ್ಪನನ್ನು ಗುರುತಿಸುವುದು ಕಷ್ಟವಲ್ಲ. ಬೆಳಿಗ್ಗೆ ಉಗ್ಗಾಣಿ-ಬಜ್ಜಿ ಮುಂದಿಟ್ಟುಕೊಂಡು ತೂಕಡಿಸುವವನೇ ಅವನು. ಹೆಗಲ ಮೇಲೆ ಒಣಗಿದ ಹಾಲಿನ ಕಲೆ. ಆದೋನಿ ಮಾರ್ಕೆಟ್ಟಿನಲ್ಲಿ ಹತ್ತಿ ರೇಟು ಎಷ್ಟಾಯಿತಪ್ಪಾ ಎಂದರೆ, "ರಾತ್ರಿ ಮೂರು ಸಲ ಎದ್ದ" ಎನ್ನುತ್ತಾನೆ.

ಮೊದಲ ಬಾಣಂತನ ತವರಿನದು. ಹಾಗಾಗಿ ಐದು ತಿಂಗಳು ಇವನಂಥ ತಂದೆ ಇಲ್ಲ. ಭಾನುವಾರ ಆಲೂರಿನ ಬೀಗರ ಮನೆಗೆ ಹೋಗುವುದು, ಕೋಳಿಸಾರು ಉಣ್ಣುವುದು, ಕೂಸಿನ ಜೊತೆ ಫೋಟೋ ತೆಗೆಸಿಕೊಳ್ಳುವುದು, ಅದು ಅತ್ತಕೂಡಲೇ ಅತ್ತೆಯ ಕೈಗಿಟ್ಟು ಬಸ್ಸು ಹತ್ತುವುದು. "ಮಕ್ಕಳ್ನ ಸಾಕೋದು ಏನ್ ಮಹಾ" ಎಂಬ ಭಾಷಣಗಳೆಲ್ಲ ಆ ಕಾಲದವು.

ಹೆಂಡತಿ ತೊಟ್ಟಿಲ ಸಮೇತ ಬಂದಿಳಿದ ದಿನ ಭಾಷಣ ನಿಂತಿತು. ಹಾಸಿಗೆಯ ನಟ್ಟನಡುವೆ ಕೂಸು, ಗೋಡೆಗಂಟಿ ಇವನು. ಗಂಡ ಹೆಂಡಿರ ನೇರ ಮಾತು ಬಂದ್. ಎಲ್ಲ ವ್ಯವಹಾರವೂ ಕೂಸಿನ ಮೂಲಕ.

"ನಿಮ್ಮಪ್ಪಗ ಹೇಳು ಪುಟ್ಟಾ, ಗ್ಯಾಸ್ ಮುಗದೈತಿ."

"ನಿಮ್ಮವ್ವಗ ಹೇಳು, ನನಗ ಇರಾವು ಎರಡಾ ಕೈ."

"ಅದರಾಗ ಒಂದು ಫೋನ್ ಹಿಡಕೊಂಡೈತಿ ಅಂತ ಹೇಳು."

ವಾದ-ಪ್ರತಿವಾದ ಆಲಿಸಿದ ಕೂಸು ಹಾಸಿಗೆ ಒದ್ದೆ ಮಾಡಿ ಕಲಾಪ ಮುಗಿಸುತ್ತದೆ.

ಇದರ ನಡುವೆ ಇವನ ಅವ್ವ ಕೂಸಿಗೆಂದು ಬಜೆ ತೇಯಲು ಕೂರುತ್ತಾಳೆ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ ಅಂದಾಳ ನರ್ಸಮ್ಮ, ಎಂದು ಹೆಂಡತಿ. ಇಬ್ಬರೂ ಇವನ ಮುಖ ನೋಡುತ್ತಾರೆ. ಹಿತ್ತಲಲ್ಲಿ ಅವ್ವನಿಗೆ "ಹೂಂ", ಪಡಸಾಲೆಯಲ್ಲಿ ಹೆಂಡತಿಗೆ "ಹೂಂ". ಹೊಸ ಅಪ್ಪ ಕಲಿತ ಮೊದಲ ವಿದ್ಯೆ ಇದು.

1957ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಲೆಮಾಸ್ಟರ್ಸ್ 46 ದಂಪತಿಗಳನ್ನು ಮಾತಾಡಿಸಿ, ಚೊಚ್ಚಲ ಮಗುವಿನಿಂದ 38 ಜೋಡಿಗಳ ಸಂಸಾರದಲ್ಲಿ ಬಿಕ್ಕಟ್ಟು ಹುಟ್ಟಿತೆಂದು ಬರೆದ. ಉಳಿದ ಎಂಟು ಜೋಡಿಗಳಲ್ಲಿ ಹೆಂಡತಿ ಇನ್ನೂ ತವರಿನಲ್ಲೇ ಇದ್ದಿರಬೇಕು.

ಆದರೆ ಪಕ್ಕದ ಮನೆಯಾಕೆ ಬಂದು "ಕೂಸು ಯಾಕ ಸೊರಗೈತಿ?" ಎನ್ನಲಿ, ನೋಡಿ. ಬೆಳಗಿನಿಂದ ಮುಖ ತಿರುಗಿಸಿದ್ದ ಇಬ್ಬರೂ ಒಂದೇ ಬಾಯಲ್ಲಿ ಆಕೆಯನ್ನು ಹೊಸ್ತಿಲು ದಾಟಿಸುತ್ತಾರೆ. ಆಮೇಲೆ ಹೆಂಡತಿ, ಕೂಸಿನ ಕಣ್ಣಿಗೆ ಕಾಡಿಗೆ ತೀಡುತ್ತಾ:

"ಮುಂದಿನ ಸಲ ಬಾಣಂತನಕ್ಕ ನಿಮ್ಮಪ್ಪನ್ನೂ ತವರಿಗೆ ಕರಕೊಂಡು ಹೋಗೋಣು. ಬಟ್ಟಿ ಒಗ್ಯಾಕ."

ಬಟ್ಟೆಯ ಮಾತು ಹೊಸ ಅಪ್ಪನ ಕಿವಿಗೆ ಬೀಳುವುದೇ ಇಲ್ಲ. ಮುಂದಿನ ಸಲ ಎಂದಳಲ್ಲ! ಗ್ಯಾಸ್ ಸಿಲಿಂಡರ್ ಹೆಗಲಿಗೇರಿಸಿಕೊಂಡು ಹೊರಟೇಬಿಡುತ್ತಾನೆ.