ಪೂರ್ವಾನುಮತಿ ದೊರೆಗಳಿಗೆ ತೊಣ್ಣೂರಿನಿಂದ ಒಂದು ಬಹಿರಂಗ ಪತ್ರ

1892ರಲ್ಲಿ ನಮ್ಮ ನೀರಿಗೆ ನಿಯಮ ಬರೆದ ಮದ್ರಾಸ್ ಸರ್ಕಾರದ ದೊರೆಗಳಿಗೆ, ತೊಣ್ಣೂರು ಕೆರೆ ಅಚ್ಚುಕಟ್ಟಿನ ರೈತನೊಬ್ಬನ ನಮಸ್ಕಾರ.

ನೀವೆಲ್ಲ ಸತ್ತು ಬಹಳ ಕಾಲವಾಯಿತು, ಗೊತ್ತು. ಬದುಕಿರುವವರಿಗೆ ಕೊಟ್ಟ ಅರ್ಜಿಗೆ ಮೂರು ಸಲ ಅಲೆದರೂ ಉತ್ತರವಿಲ್ಲ. ಸತ್ತವರಾದರೂ ಓದಿಯಾರು ಅಂತ ನಿಮಗೇ ಬರೆಯುತ್ತಿದ್ದೇನೆ.

ವಿಷಯ ಸಣ್ಣದು. ತೂಬಿನಿಂದ ನಮ್ಮ ಗದ್ದೆಗಳಿಗೆ ಬರುವ ಕಾಲುವೆಯಲ್ಲಿ ಹೂಳು ತುಂಬಿದೆ. ಎತ್ತಿಸಿ, ಆಗದಿದ್ದರೆ ನಾವೇ ಎತ್ತುತ್ತೇವೆ ಅಂತ ಅರ್ಜಿ. ಇವತ್ತು ಬೆಳಿಗ್ಗೆ ಹತ್ತಕ್ಕೆ ಕಚೇರಿ ಬಾಗಿಲಲ್ಲಿ ಕೂತವನು ಎರಡೂವರೆಗೆ ಒಳಗೆ ಹೋದೆ.

‘ಪೂರ್ವಾನುಮತಿ ಬೇಕು’ ಅಂದರು.

‘ಯಾರದು ಸ್ವಾಮಿ?’

‘ಮೇಲಿನವರದು.’

ಮೇಲೆ ನೋಡಿದೆ. ಫ್ಯಾನ್ ಇತ್ತು. ಅದೂ ತಿರುಗುತ್ತಿರಲಿಲ್ಲ.

ಊರಿಗೆ ಬರುವ ಬಸ್ಸಿನಲ್ಲಿ ಹೊಳೆಯಿತು, ಈ ಮಾತು ನಿಮ್ಮದಲ್ಲವೇ? ಮೈಸೂರಿನವರು ಹೊಸ ಜಲಾಶಯ ಕಟ್ಟುವುದಾದರೆ ಮದ್ರಾಸಿನ ಒಪ್ಪಿಗೆ ಮೊದಲು ಎಂದು 1892ರಲ್ಲಿ ಬರೆಸಿಕೊಂಡವರು ನೀವು. ಕನ್ನಂಬಾಡಿ ಕಟ್ಟೆಗೆ 80 ಅಡಿ ಸಾಕು ಎಂದಿರಿ. ನಮ್ಮವರು ತಲೆಯಾಡಿಸಿ 124 ಅಡಿಗೆ ಪಾಯ ಹಾಕಿದರು. ನಿಮಗೆ ಸಿಟ್ಟು ಬಂತು, ಮಧ್ಯಸ್ಥಿಕೆ ನಡೆಯಿತು, 1914ರಲ್ಲಿ ಗ್ರಿಫಿನ್ ಸಾಹೇಬರು ತೀರ್ಪು ಕೊಟ್ಟರು, ಅದನ್ನೂ ನೀವು ಒಪ್ಪಲಿಲ್ಲ. ರಾಜಿಯಾಗಲು 1924 ಆಯಿತು. ಆ ಕಟ್ಟೆಯ ನಾಲೆಗೆ ವೈಸರಾಯ್ ಇರ್ವಿನ್ ಹೆಸರಿಟ್ಟೆವು. ಹೆಸರು ಹೋಗಿ ಈಗ ವಿಶ್ವೇಶ್ವರಯ್ಯ ನಾಲೆ. ನೀವು ಹೋದಿರಿ, ಇರ್ವಿನ್ನರೂ ಹೋದರು. ಪೂರ್ವಾನುಮತಿ ಮಾತ್ರ ಕಚೇರಿಯಲ್ಲೇ ಉಳಿದುಕೊಂಡಿದೆ, ಫ್ಯಾನಿನ ಕೆಳಗೆ.

ಕಾನೂನಿಗೆ ಬರವಿಲ್ಲ, ದೊರೆಗಳೇ. ನಿಮ್ಮ ಕಾಲದಲ್ಲೇ, 1911ರಲ್ಲಿ, ಮೈಸೂರಿಗೆ ಕೆರೆ ಪಂಚಾಯಿತಿ ರೆಗ್ಯುಲೇಷನ್ ಬಂತು. ನಮ್ಮ ಕಾಲದಲ್ಲಿ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಬಂತು. ಕಾಗದದ ಮೇಲೆ ಕೆರೆ ಎಷ್ಟು ಚೊಕ್ಕಟವಾಗಿದೆ ಎಂದರೆ ಅದರಲ್ಲಿ ನಿಮ್ಮ ಮುಖ ಕಾಣಬಹುದು. ಕಾಲುವೆಗಿಳಿದರೆ ಮೊಣಕಾಲುದ್ದ ಕೆಸರು.

ನಮ್ಮ ಕೆರೆಗೆ ತಿರುಮಲಸಾಗರ ಎಂದು ಹೆಸರಿಟ್ಟವರು ರಾಮಾನುಜಾಚಾರ್ಯರು ಎನ್ನುತ್ತಾರೆ. ಎರಡು ಗುಡ್ಡಗಳ ನಡುವೆ ಏರಿ ಹಾಕಿದ ಪುಣ್ಯಾತ್ಮರು ಯಾವ ಮೇಲಿನವರನ್ನು ಕೇಳಿದ್ದರೋ! ಕೇಳಿದ್ದರೆ ಕಡತ ಇನ್ನೂ ಮೇಜಿಂದ ಮೇಜಿಗೆ ಓಡಾಡುತ್ತಿರುತ್ತಿತ್ತು, ಕೆರೆ ಇರುತ್ತಿರಲಿಲ್ಲ. ಹೂಳೆತ್ತುವುದಕ್ಕೆ ಅನುಮತಿ ಬೇಕಂತೆ. ಹೂಳು ತುಂಬಿಕೊಳ್ಳುವಾಗ ಯಾರ ಅನುಮತಿ ಪಡೆದಿತ್ತು? ನಾಟಿ ಹೊತ್ತು ಮೀರಿದರೆ ಒಟ್ಲಲ್ಲಿ ಪೈರು ಬಲಿತುಹೋಗುತ್ತದೆ. ಅದಕ್ಕೆ ಪೂರ್ವಾನುಮತಿಯ ಸೀಲು ಗೊತ್ತಾಗುವುದಿಲ್ಲ. ನನಗೆ ನಗಲೂ ಆಗುತ್ತಿಲ್ಲ ದೊರೆಗಳೇ, ಹೊಟ್ಟೆ ಉರಿಯುತ್ತಿದೆ. ಒಂದು ಕಾಲುವೆ. ಕೆಸರು. ಅದಕ್ಕೆ ಮೂರು ದಿನದ ಕೂಲಿ, ಬಸ್ ಚಾರ್ಜು, ಎರಡು ಜೆರಾಕ್ಸ್.

ಆದರೂ ನಿಮ್ಮಿಂದ ಒಂದು ಪಾಠ ಕಲಿತೆ. 80 ಅಡಿಗೆ ಒಪ್ಪಿಗೆ, 124 ಅಡಿಗೆ ಪಾಯ. ನನ್ನ ಹೊಸ ಅರ್ಜಿಯಲ್ಲಿ ಕಾಲುವೆಯ ಹುಲ್ಲು ಕೀಳಲು ಮಾತ್ರ ಅನುಮತಿ ಕೇಳಿದ್ದೇನೆ.

ಅಚ್ಚುಕಟ್ಟಿನ ರೈತ ಬಾಂಧವರೇ, ಭಾನುವಾರ ಬೆಳಿಗ್ಗೆ ಆರಕ್ಕೆ ತೂಬಿನ ಹತ್ತಿರ ಸೇರೋಣ. ಹುಲ್ಲು ಕೀಳುವುದಕ್ಕೆ. ಗುದ್ದಲಿ, ಮಂಕರಿ ಮರೆಯಬೇಡಿ.